ಒಂದು ಟಿಕೆಟ್, ಐದು ಹೆಸರು



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಉಪಯೋಗಿಸದವರು ನಮ್ಮಲ್ಲಿ ಕಡಿಮೆ. ಆದರೆ ನಮ್ಮದೇ ಮಕ್ಕಳು ಹೊರದೇಶಕ್ಕೆ ಓದಲು ಹೊರಟಾಗ ಆ ಗಾದೆಯ ಅರ್ಧ ಮಾತ್ರ ನಮಗೆ ಬೇಕು. ಕೋಶ ಓದಲಿ, ದೇಶ ಸುತ್ತುವುದು ಬೇಡ. ಸಾಲ ತೀರಿದ ಮೇಲೆ ಸುತ್ತಿದರಾಯಿತು ಎನ್ನುತ್ತೇವೆ.

ಹೀಗೆ ಹೇಳುವವರನ್ನು ನಾನು ತಪ್ಪು ಎನ್ನುವುದಿಲ್ಲ. ನಮ್ಮ ಕಾಸರಗೋಡಿನ ಕಡೆಯಿಂದ ಹಿಂದೆ ಹುಡುಗರು ಬೊಂಬಾಯಿಗೆ ಹೋದರು, ಆಮೇಲೆ ಗಲ್ಫಿಗೆ ಹೋದರು. ಅವರೆಲ್ಲ ಹೋದದ್ದು ದುಡಿದು ಮನೆಗೆ ಹಣ ಕಳಿಸಲು. ಈಗ ಓದಲು ಹೋಗುವವರಿಗೆ ಮನೆಯಿಂದಲೇ ಹಣ ಹೋಗಬೇಕು. ಜರ್ಮನಿಯ ಉದಾಹರಣೆಯನ್ನೇ ನೋಡಿ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯುರೋ ಶುಲ್ಕ ಹಾಕಲು ಶುರು ಮಾಡಿತು. ಅದಲ್ಲದೆ ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚಿನ ಹಣ ಕೈಯಲ್ಲಿದೆ ಎಂದು ತೋರಿಸಬೇಕು. ಹೆಚ್ಚಿನವರು ಅದನ್ನು ಒಂದು ವಿಶೇಷ ಖಾತೆಯಲ್ಲಿ ಮೊದಲೇ ಇಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯುರೋಗೆ ಏರಿಸಿದರು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಆ ಖಾತೆಯಿಂದ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದು. 11,904ರ ಲೆಕ್ಕಕ್ಕೆ ಅದು 992 ಯುರೋ. ಕೋಣೆ ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಅದರಲ್ಲೇ ಆಗಬೇಕು. ಇಷ್ಟು ಹಣ ಹೊಂದಿಸಿದ ತಂದೆತಾಯಿಗೆ ಮಗ ನದೀ ತೀರದಲ್ಲಿ ನಿಂತು ನಗುವ ಫೋಟೊ ಬಂದರೆ ಹೊಟ್ಟೆ ಉರಿಯುವುದು ಸಹಜ.

ನಮ್ಮ ನೆರೆಮನೆಯವರಿಗೆ ಹಾಗೆಯೇ ಆಯಿತು. (ಹೆಸರು ಬೇಡ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಅದು 2022ರ ಅಕ್ಟೋಬರ್. ಅವರ ಮಗ ಸ್ಟುಟ್‌ಗಾರ್ಟ್ ನಗರದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಓದುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ತಂದೆ ಮೊಬೈಲ್ ಹಿಡಿದುಕೊಂಡು ಬಂದರು. ‘ಮಾಸ್ಟ್ರೇ, ಇದನ್ನೊಮ್ಮೆ ನೋಡಿ. ಇವನನ್ನು ಓದ್ಲಿಕ್ಕೆ ಕಳ್ಸಿದ್ದಾ, ತಿರುಗ್ಲಿಕ್ಕೆ ಕಳ್ಸಿದ್ದಾ? ಮೂರು ವಾರದಿಂದ ಫೋನು ಸರಿ ಎತ್ತುವುದಿಲ್ಲ. ಕೇಳಿದ್ರೆ ಓದ್ಲಿಕ್ಕುಂಟು ಅಂತಾನೆ. ಈಗ ನೋಡಿದ್ರೆ ಇದು!’

ಫೋಟೊದಲ್ಲಿ ಐದು ಮಂದಿ ಇದ್ದರು. ನಮ್ಮ ಹುಡುಗ, ಕಣ್ಣೂರಿನವನೊಬ್ಬ, ನಾಗಪುರದವನೊಬ್ಬ, ಧಾರವಾಡದ ಹುಡುಗಿಯೊಬ್ಬಳು, ಇಂಡೋನೇಷ್ಯಾದ ಹುಡುಗನೊಬ್ಬ. ಹಿಂದೆ ನದಿ, ನದಿಯ ಅಂಚಿನಲ್ಲಿ ಹಳದಿ, ಕೆಂಪು ಬಣ್ಣದ ಹಳೆಯ ಮನೆಗಳು. ‘ಬೈಯುವ ಮೊದಲು ಎಷ್ಟು ಖರ್ಚಾಯಿತು ಎಂದು ಕೇಳಿ’ ಎಂದೆ. ಅವರು ಅಲ್ಲೇ ಕುಳಿತು ಕೇಳಿದರು. ಬಂದ ಉತ್ತರ ನೋಡಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿ, ಬಟಾಟೆ ಪಲ್ಯ. ನಲ್ಲಿ ನೀರು. ಖರ್ಚಾದದ್ದು ರೈಲಿಗೆ ಮಾತ್ರ.

ಆ ರೈಲು ಟಿಕೆಟಿನ ವಿಷಯ ಹೇಳಲೇಬೇಕು. ಜರ್ಮನಿಯಲ್ಲಿ ವೇಗದ ದೊಡ್ಡ ರೈಲುಗಳ ದರ ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಎಟಕುವಂಥದ್ದಲ್ಲ. ಆದರೆ ಆಯಾ ರಾಜ್ಯದೊಳಗೆ ಓಡುವ ಸಾಮಾನ್ಯ ರೈಲುಗಳಿಗೆ ಒಂದು ದಿನದ ಗುಂಪು ಟಿಕೆಟ್ ಇದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ, ಶನಿವಾರ ಭಾನುವಾರ ನಡುರಾತ್ರಿ 12ರಿಂದ, ಮರುದಿನ ನಸುಕಿನ 3 ಗಂಟೆಯ ತನಕ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಮೊದಲನೆಯವನಿಗೆ ಒಂದು ದರ, ಜೊತೆಗೆ ಸೇರುವ ಪ್ರತಿಯೊಬ್ಬನಿಗೆ ಅದರ ಮೇಲೆ ಸ್ವಲ್ಪವೇ ಸ್ವಲ್ಪ. ಐದು ಮಂದಿಯ ತನಕ ಸೇರಬಹುದು. ಒಬ್ಬನೇ ಹೋದರೆ ದುಬಾರಿ, ಐವರು ಹೋದರೆ ತಲೆಗೆ ಬೀಳುವುದು ಬಹಳ ಕಡಿಮೆ. ಆದರೆ ಎರಡು ನಿಯಮ ಇವೆ. ಪ್ರಯಾಣಿಸುವವರ ಹೆಸರೆಲ್ಲ ಆ ಟಿಕೆಟಿನಲ್ಲಿ ಬರೆದಿರಬೇಕು. ಮತ್ತು ಎಲ್ಲರೂ ಒಟ್ಟಿಗೇ ಇರಬೇಕು. ಟಿಕೆಟ್ ಒಂದೇ ಆದ್ದರಿಂದ ಹಿಂದೆ ಉಳಿದವನ ಕೈಯಲ್ಲಿ ಟಿಕೆಟೇ ಇಲ್ಲ. ಟಿಕೆಟಿಲ್ಲದೆ ಸಿಕ್ಕಿಬಿದ್ದರೆ ದಂಡ 60 ಯುರೋ.

1995ರಲ್ಲಿ ಇದೇ ತರಹ ಇಡೀ ದೇಶಕ್ಕೆ ವಾರಾಂತ್ಯದ ಟಿಕೆಟ್ ಒಂದು ಬಂದಿತ್ತು. ಐದು ಮಂದಿ ಒಂದೇ ಟಿಕೆಟಿನಲ್ಲಿ ಹೋಗಬಹುದಿತ್ತು. ಅಪರಿಚಿತರು ಸ್ಟೇಷನ್ನಿನಲ್ಲೇ ಗುಂಪು ಕಟ್ಟಿಕೊಂಡು ಪ್ರಯಾಣ ಮಾಡುತ್ತಿದ್ದರಂತೆ. 2019ರಲ್ಲಿ ಅದನ್ನು ನಿಲ್ಲಿಸಿದರು. 2023ರ ಮೇ 1ರಿಂದ ಇಡೀ ದೇಶದ ಸಾಮಾನ್ಯ ರೈಲು, ಬಸ್ಸು, ಟ್ರಾಮುಗಳಿಗೆ ತಿಂಗಳಿಗೆ 49 ಯುರೋದ ಟಿಕೆಟ್ ಬಂತು. ಅದು 2025ರ ಜನವರಿಯಲ್ಲಿ 58, 2026ರ ಜನವರಿಯಲ್ಲಿ 63 ಯುರೋ ಆಯಿತು. ಅನೇಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಅದು ಇನ್ನೂ ಕಡಿಮೆಗೆ ಸಿಗುತ್ತದೆ. ತಿಂಗಳ ಟಿಕೆಟ್ ಕೈಯಲ್ಲಿದ್ದವನಿಗೆ ಇನ್ನು ಜೊತೆಗಾರರ ಅಗತ್ಯವಿಲ್ಲ. ಆದರೆ ನಾನು ಹೇಳುತ್ತಿರುವ 2022ರಲ್ಲಿ ಆ ನಾಲ್ವರಿಗೆ ಲೆಕ್ಕ ಸರಿಹೋಗಲು ಐದನೆಯವನೊಬ್ಬ ಬೇಕಿದ್ದ.

ಅವರು ಹೋದದ್ದು ಟ್ಯೂಬಿಂಗೆನ್ ಎಂಬ ಊರಿಗೆ. ಸ್ಟುಟ್‌ಗಾರ್ಟಿನಿಂದ ಸಾಮಾನ್ಯ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನೆಕಾರ್ ನದಿಯ ದಂಡೆಯ ಈ ಊರಿನ ವಿಶ್ವವಿದ್ಯಾಲಯ 1477ರಲ್ಲಿ ಸ್ಥಾಪನೆಯಾದದ್ದು. ಎರಡನೆಯ ಮಹಾಯುದ್ಧದಲ್ಲಿ ಹೆಚ್ಚು ಹಾನಿಯಾಗದೆ ಉಳಿದ ಕಾರಣ ಹಳೆಯ ಪೇಟೆ ಹಾಗೆಯೇ ಇದೆ. ನದಿಯ ನಡುವೆ ಉದ್ದನೆಯ ನಡುಗಡ್ಡೆ, ಅದರ ತುಂಬ ಎರಡು ಸಾಲು ದೊಡ್ಡ ಮರಗಳು. ಅಲ್ಲಿ ಓಡಾಡಲು ಯಾರೂ ದುಡ್ಡು ಕೇಳುವುದಿಲ್ಲ.

ಆ ಊರನ್ನು ಆರಿಸಿದವಳು ಧಾರವಾಡದ ಹುಡುಗಿ. ಅವಳ ಊರಿನಲ್ಲಿ ಕಿಟೆಲ್ ಹೆಸರಿನ ಕಾಲೇಜು ಇದೆ. ಕಿಟೆಲರ ನಿಘಂಟು ಎಂದರೆ ಕನ್ನಡಿಗರಿಗೆಲ್ಲ ಗೊತ್ತು. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಜರ್ಮನಿಯ ಉತ್ತರದ ಕಡಲ ತೀರದ ಕಡೆ ಹುಟ್ಟಿದವರು. 1853ರಲ್ಲಿ ನಮ್ಮ ನಾಡಿಗೆ ಬಂದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿ, ಸುಮಾರು 70 ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಕೊನೆಯ ವರ್ಷಗಳು ಕಳೆದದ್ದು ಆ ಊರಿನಲ್ಲೇ. 1903ರಲ್ಲಿ ಅಲ್ಲೇ ತೀರಿಕೊಂಡರು. ಕಣ್ಣೂರಿನ ಹುಡುಗನೂ ಸುಮ್ಮನಿರಲಿಲ್ಲ. 1872ರಲ್ಲಿ ಮಲಯಾಳ ನಿಘಂಟು ತಂದ ಹೆರ್ಮನ್ ಗುಂಡರ್ಟ್ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ಓದಿ, ಅವನ ಮನೆಯ ಹತ್ತಿರದ ತಲಶ್ಶೇರಿಯಲ್ಲಿ ಇದ್ದವರು. ‘ನಿಮ್ಮವರು ದೊಡ್ಡವರೋ ನಮ್ಮವರು ದೊಡ್ಡವರೋ’ ಎಂದು ದಾರಿಯುದ್ದಕ್ಕೂ ಜಗಳ. ಎರಡೂ ಭಾಷೆ ಬಲ್ಲ ನಮ್ಮ ಕಾಸರಗೋಡಿನವನು ನಡುವೆ ತೀರ್ಪುಗಾರ. ದೇಶ ಸುತ್ತಿ ಕೋಶ ಬರೆದವರ ಊರಿಗೆ ಮಕ್ಕಳು ಹೋದರು ಎಂದು ತಂದೆಗೆ ಹೇಳಿದಾಗ ಅವರೂ ನಕ್ಕರು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಫೋಟೊದಲ್ಲಿ ಕಾಣದ ವಿಷಯ ಒಂದಿತ್ತು. ಅದು ನಮಗೆ ತಿಳಿದದ್ದು ಮರುವರ್ಷ, ಹುಡುಗ ಊರಿಗೆ ಬಂದಾಗ.

ಆ ಮೂರು ವಾರ ಅವನು ಕೋಣೆಯಿಂದ ಹೊರಗೇ ಬಂದಿರಲಿಲ್ಲ. ಒಂದು ಕಡ್ಡಾಯ ವಿಷಯದಲ್ಲಿ ಎರಡನೆಯ ಸಲವೂ ಫೇಲಾಗಿದ್ದ. ನಮ್ಮಲ್ಲಿ ಫೇಲಾದರೆ ಮತ್ತೆ ಮತ್ತೆ ಕಟ್ಟಬಹುದು. ಅಲ್ಲಿ ಹಾಗಲ್ಲ. ಸಾಮಾನ್ಯವಾಗಿ ಎರಡು ಅಥವಾ ಮೂರು ಅವಕಾಶ. ಎಷ್ಟೆಂದು ಆಯಾ ವಿಶ್ವವಿದ್ಯಾಲಯದ ನಿಯಮ ಹೇಳುತ್ತದೆ. ಕೊನೆಯದೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ. ಬೇರೆ ವಿಶ್ವವಿದ್ಯಾಲಯದಲ್ಲಿ ಅದೇ ಕೋರ್ಸಿಗೆ ಸೇರುವ ದಾರಿಯೂ ಹೆಚ್ಚಾಗಿ ಮುಚ್ಚುತ್ತದೆ. ಓದಿನ ವೀಸಾ ಕೂಡ ತೂಗುಯ್ಯಾಲೆಯಲ್ಲಿ. ಅವನಿಗೆ ಇದ್ದದ್ದು ಒಂದೇ ಅವಕಾಶ. ಮನೆಗೆ ಹೇಳಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ. ರಾತ್ರಿ ನಿದ್ರೆ ಇಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ. ‘ಆಗ ಏನೇನೋ ಯೋಚನೆ ಬರ್ತಿತ್ತು ಮಾಸ್ಟ್ರೇ’ ಎಂದಷ್ಟೇ ಹೇಳಿ ಸುಮ್ಮನಾದ. ನಾನೂ ಹೆಚ್ಚು ಕೇಳಲಿಲ್ಲ.

ಆ ನಾಲ್ವರು ಅವನ ಬಾಗಿಲು ತಟ್ಟಿದ್ದು ಅವನ ಕಷ್ಟ ತಿಳಿದು ಅಲ್ಲ. ಟಿಕೆಟಿಗೆ ಐದನೆಯ ಹೆಸರು ಬೇಕಿತ್ತು, ಅಷ್ಟೆ. ‘ನೀನು ಬರದಿದ್ದರೆ ನಮಗೆಲ್ಲ ಜಾಸ್ತಿ ಬೀಳುತ್ತದೆ’ ಎಂದು ಗದರಿಸಿ ಎಬ್ಬಿಸಿದರಂತೆ. ನಿನಗೆ ಒಳ್ಳೆಯದಾಗಲಿ ಬಾ ಎಂದಿದ್ದರೆ ಅವನು ಹೋಗುತ್ತಿರಲಿಲ್ಲ. ತನ್ನಿಂದ ಬೇರೆಯವರಿಗೆ ನಷ್ಟ ಬೇಡ ಎಂದು ಹೋದ.

ನದಿಯ ನಡುಗಡ್ಡೆಯಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುವಾಗ ನಾಗಪುರದವನು ತಮಾಷೆಗೆ ತನ್ನ ಮಾರ್ಕುಗಳ ಕತೆ ಹೇಳಿದ. ಅವನೂ ಒಂದು ವಿಷಯದಲ್ಲಿ ಫೇಲಾಗಿ ಪಾಸಾದವನು. ಆಗ ನಮ್ಮ ಹುಡುಗನ ಬಾಯಿಯಿಂದಲೂ ಮಾತು ಹೊರಬಂತು. ಯಾರೂ ಉಪದೇಶ ಮಾಡಲಿಲ್ಲವಂತೆ. ಧಾರವಾಡದ ಹುಡುಗಿ ಆ ವಿಷಯದಲ್ಲಿ ಚೆನ್ನಾಗಿ ಪಾಸಾದವಳು. ವಾರಕ್ಕೆ ಎರಡು ಸಂಜೆ ಕುಳಿತು ಹೇಳಿಕೊಡುತ್ತೇನೆ ಎಂದಳು. ಇಂಡೋನೇಷ್ಯಾದ ಹುಡುಗ ಸೋಮವಾರ ಅವನನ್ನು ವಿದ್ಯಾರ್ಥಿಗಳ ಸಲಹಾ ಕೇಂದ್ರಕ್ಕೆ ಕರೆದುಕೊಂಡು ಹೋದ. ಅಲ್ಲಿನ ವಿಶ್ವವಿದ್ಯಾಲಯದ ಊರುಗಳಲ್ಲಿ ಹಾಸ್ಟೆಲು, ಕ್ಯಾಂಟೀನು ನಡೆಸುವ ವಿದ್ಯಾರ್ಥಿ ಸೇವಾ ಸಂಸ್ಥೆಗಳಿವೆ. ಮನಸ್ಸು ಕುಗ್ಗಿದವರಿಗೆ ಅವು ಸಲಹೆಗಾರರನ್ನೂ ಇಟ್ಟಿವೆ. ಹೇಳಿದ್ದು ಗುಟ್ಟಾಗಿಯೇ ಇರುತ್ತದೆ. ಇಂಥದ್ದೊಂದು ಇದೆ ಎಂದು ನಮ್ಮ ಹುಡುಗನಿಗೆ ಗೊತ್ತೇ ಇರಲಿಲ್ಲ.

ಕೊನೆಯ ಅವಕಾಶದಲ್ಲಿ ಅವನು ಪಾಸಾದ. ಅಬ್ಬರದ ಮಾರ್ಕೇನೂ ಅಲ್ಲ, ಪಾಸು. ಮನೆಯವರಿಗೆ ಎಲ್ಲವನ್ನೂ ಹೇಳಿದ್ದು ಆಮೇಲೆ. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಒಂದೇ ಮಾತು ಕೇಳಿದರು: ‘ನನ್ನತ್ರ ಯಾಕೆ ಹೇಳ್ಲಿಲ್ಲ ಮಗಾ?’ ಹುಡುಗ, ‘ನೀವು ಫೋನಲ್ಲಿ ದಿನಾ ಅದನ್ನೇ ಕೇಳ್ತಿದ್ರಿ ಪಪ್ಪಾ, ಅದಕ್ಕೇ’ ಎಂದ. ತಾಯಿ ಒಳಗೆ ಹೋಗಿ ಕಣ್ಣೊರೆಸಿಕೊಂಡರು.

ಎಲ್ಲ ತಿರುಗಾಟವೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ವಿಮಾನ ಟಿಕೆಟ್ ತೆಗೆದು, ವಾರಕ್ಕೊಂದು ದೇಶದಲ್ಲಿ ಫೋಟೊ ತೆಗೆಸಿ, ತರಗತಿ ತಪ್ಪಿಸುವವರೂ ಇದ್ದಾರೆ. ಅಂಥವರಿಗೆ ಮನೆಯಿಂದ ನಾಲ್ಕು ಮಾತು ಬೀಳಲೇಬೇಕು. ಆದ್ದರಿಂದ ಹೊರಗೆ ಓದುತ್ತಿರುವ ಯುವಜನರಿಗೆ ಕೆಲವು ಮಾತು.

ತಿಂಗಳ ಹಣದಲ್ಲಿ ಬಾಡಿಗೆ, ವಿಮೆ, ಊಟಕ್ಕೆ ತೆಗೆದಿಟ್ಟು ಉಳಿದದ್ದರಲ್ಲಿ ಮಾತ್ರ ಹೊರಡಿ. ಹತ್ತಿರದ ಊರನ್ನು ಮೊದಲು ನೋಡಿ. ಬುತ್ತಿ ಕಟ್ಟಿಕೊಳ್ಳಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಲ್ಲಿನ ಸಂವಿಧಾನವೇ ಭಾನುವಾರದ ವಿಶ್ರಾಂತಿಗೆ ರಕ್ಷಣೆ ಕೊಟ್ಟಿದೆ. ಗಡಿ ದಾಟಿ ಫ್ರಾನ್ಸಿಗೋ ಸ್ವಿಟ್ಜರ್ಲೆಂಡಿಗೋ ಹೋಗುವುದು ತಲಪಾಡಿ ದಾಟಿ ಮಂಗಳೂರಿಗೆ ಹೋದಷ್ಟು ಸುಲಭ ಎಂದುಕೊಂಡು ಪಾಸ್‌ಪೋರ್ಟ್ ಕೋಣೆಯಲ್ಲಿ ಬಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡು, ವಿಮೆಯ ಕಾರ್ಡು ಮೂರೂ ಜೊತೆಗಿರಲಿ. ಅಪಾಯ ಬಂದರೆ ಯುರೋಪ್ ಒಕ್ಕೂಟದ ಎಲ್ಲ ದೇಶಗಳಲ್ಲಿ 112ಕ್ಕೆ ಕರೆ ಮಾಡಬಹುದು. ಹೊರಡುವ ಮೊದಲು ಎಲ್ಲಿಗೆ, ಯಾರ ಜೊತೆ ಎಂದು ಮನೆಗೆ ಒಂದು ಸಾಲು ಕಳಿಸಿ. ಫೋಟೊ ಆಮೇಲೆ ಸಾಕು.

ಇನ್ನೊಂದು ಮುಖ್ಯ ಮಾತು. ನಿಮ್ಮ ಸಾಲಿನ ಕೋಣೆಗಳಲ್ಲಿ ಒಂದು ಬಾಗಿಲು ಬಹಳ ದಿನದಿಂದ ತೆರೆಯದಿದ್ದರೆ ಹೋಗಿ ತಟ್ಟಿ. ಈಗ ತಿಂಗಳ ಟಿಕೆಟ್ ಇರುವುದರಿಂದ ಐದನೆಯವನು ಬೇಡ ಎನ್ನಬಹುದು. ಏನಾದರೊಂದು ನೆಪ ಮಾಡಿ. ಅಡುಗೆ ಹೆಚ್ಚಾಗಿದೆ ಎನ್ನಿ, ಚೀಲ ಹೊರಲು ಜನ ಬೇಕು ಎನ್ನಿ. ಮನಸ್ಸು ಕುಗ್ಗಿದವನಿಗೆ ಕರುಣೆಗಿಂತ ‘ನೀನು ಬೇಕು’ ಎಂಬ ಮಾತು ಬೇಗ ತಲುಪುತ್ತದೆ.

ತಂದೆತಾಯಂದಿರಿಗೂ ಒಂದು ಕೋರಿಕೆ. ಮಾರ್ಕು ಕೇಳಬೇಡಿ ಎನ್ನುವುದಿಲ್ಲ. ಹಣ ಹಾಕಿದವರು ನೀವು, ಕೇಳುವ ಹಕ್ಕು ನಿಮಗಿದೆ. ಆದರೆ ಈ ವಾರ ಫೋನು ಮಾಡುವಾಗ ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿ ನೋಡಿ: ‘ಶನಿವಾರ ಯಾರ ಜೊತೆ ಇದ್ದೆ?’ ನಾಲ್ಕು ಹೆಸರು ಥಟ್ಟನೆ ಬಂದರೆ ನೆಮ್ಮದಿಯಿಂದ ಮಲಗಿ. ‘ಯಾರೂ ಇಲ್ಲ’ ಎಂದರೆ, ಅಥವಾ ಉತ್ತರ ಬರಲು ತಡವಾದರೆ, ಬೇಗ ಫೋನು ಇಡಬೇಡಿ. ಮಾತು ಮುಂದುವರಿಸಿ.