ಸಂಗೀತ ತಂತ್ರಜ್ಞಾನ: ಸೇರುವ ಮುನ್ನ ಯೋಚಿಸಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮೂಡಿಗೆರೆ, ಕಳಸ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ: ಸೈನ್ಸೋ, ಕಾಮರ್ಸೋ? ಈ ನಡುವೆ ಮಗ ಬಂದು ‘ನಾನು ಸಂಗೀತ ತಂತ್ರಜ್ಞಾನ ಓದುತ್ತೇನೆ’ ಎಂದರೆ ಅಪ್ಪನ ಬಾಯಿಂದ ಹೊರಡುವ ಮೊದಲ ಮಾತು, ‘ಮೈಕ್ ಸೆಟ್ ಹಾಕೋಕೆ ಕಾಲೇಜಿಗೆ ಹೋಗ್ಬೇಕೇನೋ ಮಾರಾಯ?’ ಮಾತು ತಮಾಷೆಯದಾದರೂ ಅದರ ಹಿಂದಿನ ಆತಂಕ ನಿಜ. ದೊಡ್ಡ ಊರಿನ ಖಾಸಗಿ ಸಂಸ್ಥೆಯ ಶುಲ್ಕ, ಹಾಸ್ಟೆಲ್ ಖರ್ಚು ಸೇರಿದರೆ ಸಣ್ಣ ಬೆಳೆಗಾರನ ಒಂದು ಕೊಯ್ಲಿನ ಹಣ ಕರಗಿಹೋಗಬಹುದು.

ಅಪ್ಪನ ಪ್ರಶ್ನೆಗೆ ಉತ್ತರ ಊರಿನ ಬಯಲಾಟದಲ್ಲೇ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಂಗಸ್ಥಳದಿಂದ 34 ಮೀಟರ್ ಹಿಂದೆ ಇನ್ನೊಂದು ಸ್ಪೀಕರ್ ಇಟ್ಟರೆ, ಭಾಗವತರ ದನಿ ತಂತಿಯ ಮೂಲಕ ಅಲ್ಲಿಗೆ ತಕ್ಷಣ ತಲುಪುತ್ತದೆ. ಮುಂದಿನ ಸ್ಪೀಕರಿನ ದನಿ ಮಾತ್ರ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತದೆ. ಹಿಂದೆ ಕುಳಿತವರಿಗೆ ಪದ ಕಲಸುಮೇಲೋಗರ. ಹಿಂದಿನ ಸ್ಪೀಕರನ್ನೂ ಅಷ್ಟೇ ತಡ ಮಾಡಿಸಬೇಕು ಎಂದು ಲೆಕ್ಕ ಹಾಕಬಲ್ಲವನೇ ತಂತ್ರಜ್ಞ. ಧ್ವನಿಮುದ್ರಣದಲ್ಲೂ ಹೀಗೆಯೇ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳುತ್ತದೆ. ಅದನ್ನು ಅಂಕಿಗಳಲ್ಲಿ ಹಿಡಿದಿಡಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿರುವುದು ಇದೇ ಕಾರಣಕ್ಕೆ.

ಅಂದರೆ ಈ ಓದಿನ ಅರ್ಧ ಭಾಗ ಸಂಗೀತ, ಇನ್ನರ್ಧ ಭೌತಶಾಸ್ತ್ರ. ಹಾಡಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸೇರುವವರು, ‘ಇದು ಕಲೆಯ ವಿಷಯ, ವಿಜ್ಞಾನ ಏಕೆ’ ಎಂದು ಪಿಯುಸಿಯಲ್ಲಿ ಭೌತಶಾಸ್ತ್ರ ಬಿಟ್ಟುಬಿಡುವವರು ಎಡವುವುದು ಇಲ್ಲಿಯೇ. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ತನ್ನ ಧ್ವನಿ ವಿಭಾಗಕ್ಕೆ ಪದವಿಯ ಜೊತೆಗೆ ಪಿಯುಸಿ ಮಟ್ಟದ ಭೌತಶಾಸ್ತ್ರವನ್ನೂ ಕೇಳುತ್ತ ಬಂದಿದೆ. ಕೇರಳದ ಹಳ್ಳಿಯೊಂದರಲ್ಲಿ ಬೆಳೆದ ರಸೂಲ್ ಪೂಕುಟ್ಟಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಮೇಲೆಯೇ ಪುಣೆಗೆ ಹೋದವರು. 1995ರಲ್ಲಿ ಅಲ್ಲಿಂದ ಹೊರಬಂದ ಅವರು 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಧ್ವನಿಮಿಶ್ರಣಕ್ಕೆ ಆಸ್ಕರ್ ಹಂಚಿಕೊಂಡರು.

ನಮ್ಮ ರಾಜ್ಯದಲ್ಲೂ ಈ ಓದಿಗೆ ಹಳೆಯ ಬೇರಿದೆ. 1943ರಲ್ಲಿ ಆರಂಭವಾದ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ, ಧ್ವನಿ ತರಬೇತಿ ನಡೆಯುತ್ತಿತ್ತು. ಗುರುದತ್ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕಲಿತದ್ದು ಅಲ್ಲಿಯೇ. ಆ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದ್ದು, ಧ್ವನಿಗ್ರಹಣದ ಡಿಪ್ಲೊಮಾ ಇದೆ. ಪ್ರವೇಶದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಸಂಗೀತದ ಕಡೆಗೇ ಒಲವಿರುವವರಿಗೆ ಎ.ಆರ್. ರೆಹಮಾನ್ 2008ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇದೆ. ಅದು ಖಾಸಗಿ ಸಂಸ್ಥೆ, ಖರ್ಚಿನ ಲೆಕ್ಕ ಮೊದಲೇ ಹಾಕಬೇಕು. ಊರು ಬಿಡಲು ಆತುರವಿಲ್ಲದವರು ಚಿಕ್ಕಮಗಳೂರಿನಲ್ಲೇ ಬಿ.ಎಸ್ಸಿ. ಅಥವಾ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ ಆಮೇಲೆ ಈ ಕಡೆ ತಿರುಗಬಹುದು. ಆಗ ಕೈಯಲ್ಲೊಂದು ಪದವಿಯೂ ಇರುತ್ತದೆ.

ಖಾಸಗಿ ಸಂಸ್ಥೆಗೆ ಹಣ ಕಟ್ಟುವ ಮುನ್ನ ಪೋಷಕರು ಖುದ್ದಾಗಿ ಹೋಗಿ ನೋಡುವುದು ಒಳ್ಳೆಯದು. ಪ್ರಮಾಣಪತ್ರ ಕೊಡುವವರು ಯಾರು, ಅದಕ್ಕೆ ವಿಶ್ವವಿದ್ಯಾಲಯದ ಅಥವಾ ಸರ್ಕಾರದ ಮಾನ್ಯತೆ ಇದೆಯೇ? ಶೈಕ್ಷಣಿಕ ಸಾಲ ಕೇಳಿದಾಗ ಬ್ಯಾಂಕಿನವರೂ ಇದನ್ನು ವಿಚಾರಿಸುತ್ತಾರೆ. ಸ್ಟುಡಿಯೋದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ವಾರಕ್ಕೆ ಎಷ್ಟು ಗಂಟೆ ಯಂತ್ರ ಸಿಗುತ್ತದೆ? ಎರಡು ವರ್ಷದ ಹಿಂದೆ ಕಲಿತು ಹೋದವರು ಈಗ ಎಲ್ಲಿದ್ದಾರೆ, ಅವರೊಡನೆ ಮಾತನಾಡಬಹುದೇ? ಈ ಮೂರಕ್ಕೆ ನೇರ ಉತ್ತರ ಸಿಗದಿದ್ದರೆ, ಕಟ್ಟಡ ಎಷ್ಟೇ ಥಳಕಾಗಿದ್ದರೂ ವಾಪಸ್ ಬಸ್ ಹತ್ತುವುದೇ ಲೇಸು.

ಕೆಲಸದ ವಿಷಯದಲ್ಲೂ ಭ್ರಮೆ ಬೇಡ. ಸಿನಿಮಾ, ಟಿ.ವಿ., ಬಾನುಲಿ, ಜಾಹೀರಾತು, ವೇದಿಕೆ ಕಾರ್ಯಕ್ರಮಗಳಲ್ಲಿ ಅವಕಾಶಗಳಿವೆ ನಿಜ. ಆದರೆ ಹೆಚ್ಚಿನವರು ಸಹಾಯಕರಾಗಿಯೇ ಆರಂಭಿಸಬೇಕು. ತಿಂಗಳ ಸಂಬಳದ ಖಾತ್ರಿ ಎಲ್ಲ ಕಡೆ ಇಲ್ಲ.

ಪಿಯುಸಿಯ ಎರಡು ವರ್ಷವೇ ಆಸಕ್ತಿಯನ್ನು ಒರೆಗೆ ಹಚ್ಚಲು ಸರಿಯಾದ ಕಾಲ. ಭೌತಶಾಸ್ತ್ರ ಓದುತ್ತ, ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಬಹುದು. ‘ಆಡಾಸಿಟಿ’ಯಂಥ ಉಚಿತ ತಂತ್ರಾಂಶದಲ್ಲಿ ಅಜ್ಜಿಯ ಸೋಬಾನೆ ಪದವನ್ನೋ ಹೆಂಚಿನ ಮೇಲಿನ ಮಳೆಯ ಸದ್ದನ್ನೋ ಮುದ್ರಿಸಿ ತಿದ್ದಬಹುದು. ರಜೆಯಲ್ಲಿ ಮೈಕ್ ಸೆಟ್‌ನವರ ಜೊತೆ ಹೋಗಿ ತಂತಿ ಸುತ್ತಬಹುದು. ರಾತ್ರಿಯಿಡೀ ಆಟ ಮುಗಿಸಿ ಬೆಳಗ್ಗೆ ತಂತಿ ಸುತ್ತಿಟ್ಟ ಮೇಲೂ ಮಗನಿಗೆ ಅದೇ ಹುಚ್ಚು ಉಳಿದಿದ್ದರೆ, ಕೊಯ್ಲಿನ ಹಣ ಹೂಡುವ ಬಗ್ಗೆ ಅಪ್ಪ ಧೈರ್ಯವಾಗಿ ಯೋಚಿಸಬಹುದು.