ಜೀತಕ್ಕೆ ಕಾಗದದ ಮದ್ದು ನಾಟುವುದಿಲ್ಲ



2015ರಲ್ಲಿ ಬ್ರಿಟನ್ನಿನಲ್ಲಿ ‘ಆಧುನಿಕ ಗುಲಾಮಗಿರಿ ಕಾಯಿದೆ’ ಎಂಬ ಕಾಯಿದೆಯೊಂದು ಬಂದಿತು. ಅಲ್ಲಿ ವ್ಯಾಪಾರ ನಡೆಸುವ, ವರ್ಷಕ್ಕೆ 3 ಕೋಟಿ 60 ಲಕ್ಷ ಪೌಂಡು ಅಥವಾ ಅದಕ್ಕೂ ಮಿಕ್ಕಿದ ವಹಿವಾಟುಳ್ಳ ಪ್ರತಿಯೊಂದು ಕಂಪೆನಿಯೂ ವರ್ಷಕ್ಕೊಮ್ಮೆ ಒಂದು ಹೇಳಿಕೆಯನ್ನು ಪ್ರಕಟಿಸಬೇಕು. ತನ್ನಲ್ಲಿಯೂ ತನಗೆ ಮಾಲು ಒದಗಿಸುವವರಲ್ಲಿಯೂ ಗುಲಾಮಗಿರಿ ಇರದಂತೆ ಏನು ಕ್ರಮ ಕೈಕೊಂಡಿತೆಂದು ಅದರಲ್ಲಿ ತಿಳಿಸಬೇಕು. ಕಾಯಿದೆಯ 54ನೆಯ ಕಲಮು ಹೀಗೆನ್ನುತ್ತದೆ. ಕೇಳಿ ಸಂತೋಷವಾಯಿತೇ? ಸ್ವಲ್ಪ ತಾಳಿರಿ. ‘ನಾವು ಯಾವ ಕ್ರಮವನ್ನೂ ಕೈಕೊಂಡಿಲ್ಲ’ ಎಂದು ಬರೆದು ಸಹಿ ಹಾಕಿದರೂ ಆ ಕಲಮನ್ನು ಪಾಲಿಸಿದಂತೆಯೇ ಆಯಿತು! ಇದೂ ಅದೇ ಕಲಮಿನಲ್ಲಿದೆ.

ನಮ್ಮ ಪಗಾರದಿಂದ ಅರ್ಧ ದಿನದ ಗೈರುಹಾಜರಿ ಕಡಿಯಬೇಕಾದರೆ ಮಾಲಕನಿಗೆ ಗಡಿಯಾರ ಬೇಕು, ಮಸ್ಟರು ಬೇಕು, ಟೈಂಕೀಪರು ಬೇಕು. ಮನುಷ್ಯರನ್ನು ಜೀತಕ್ಕಿಟ್ಟುಕೊಂಡಿಲ್ಲವೆಂಬುದಕ್ಕೆ ಮಾತ್ರ ಮಾಲಕನ ಬಾಯಿಮಾತೇ ಸಾಕು! ಇದೆಂಥ ನ್ಯಾಯ?

ಜೀತವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಊರ ಸಾಹುಕಾರನ ಹೊಲ, ತಲೆಮಾರಿನ ಸಾಲ. ಇಂದಿನ ಜೀತ ಊರನ್ನು ಬಿಟ್ಟು ಪೇಟೆಗೆ ಬಂದಿದೆ. ಅದಕ್ಕೆ ಕಬ್ಬಿಣದ ಬೇಡಿ ಬೇಕಿಲ್ಲ. ತಾಯಿತಂದೆಯರ ಕೈಗಿತ್ತ ಮುಂಗಡವೇ ಬೇಡಿ. ತಡೆಹಿಡಿದ ಪಗಾರವೇ ಬೀಗ. ಕಸಿದಿಟ್ಟುಕೊಂಡ ಆಧಾರ್ ಕಾರ್ಡು, ಪಾಸ್‌ಪೋರ್ಟುಗಳೇ ಗೋಡೆ. 2021ರಲ್ಲಿ ಯಾವ ದಿನ ಎಣಿಸಿದರೂ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಜನ ದುಡಿಯುವುದು ಖಾಸಗಿಯವರ ಕೈಕೆಳಗೆ.

ಇದಕ್ಕೆ ದೊಡ್ಡ ಕಂಪೆನಿಗಳು ಕಂಡುಕೊಂಡ ಮದ್ದು ಯಾವುದು? ಮೊದಲು ಒಂದು ನೀತಿಸಂಹಿತೆ, ಆಮೇಲೆ ತಪಾಸಣೆ, ಕೊನೆಗೆ ಒಂದು ಪ್ರಮಾಣಪತ್ರ. ತಪಾಸಣೆಯ ಖರ್ಚು ಕೊಡುವವನು ಕಾರ್ಖಾನೆಯ ಮಾಲಕ, ಇಲ್ಲವೆ ಅವನ ಮಾಲು ಕೊಳ್ಳುವ ಕಂಪೆನಿ. ಬರುವ ದಿನ ಅನೇಕ ಸಲ ಮೊದಲೇ ಗೊತ್ತು. ಅಂದು ನೆಲ ತೊಳೆದಿರುತ್ತದೆ, ಕುಡಿಯುವ ನೀರು ಬಂದಿರುತ್ತದೆ, ಹಾಜರಿ ಪುಸ್ತಕ ಹೊಸದಾಗಿರುತ್ತದೆ. ‘ನಿನಗೇನಾದರೂ ಕಷ್ಟವಿದೆಯೇನಮ್ಮ?’ ಎಂದು ಸೂಪರ್‌ವೈಜರನ ಎದುರಿಗೇ ಕೇಳಿದರೆ ಯಾವ ಹೆಣ್ಣುಮಗಳು ಬಾಯಿ ಬಿಟ್ಟಾಳು?

ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಉಡುಪಿನ ಕಾರ್ಖಾನೆಗೆ 2012ರ ಆಗಸ್ಟಿನಲ್ಲಿ ಇಂಥದೊಂದು ಪ್ರಮಾಣಪತ್ರ ಸಿಕ್ಕಿತು. ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಯನ್ನು ಬೇಕೆಂದೇ ಹಚ್ಚಲಾಗಿತ್ತೆಂದು ಅಲ್ಲಿಯ ನ್ಯಾಯಾಲಯ 2020ರಲ್ಲಿ ತೀರ್ಮಾನಿಸಿತು. ಇರಲಿ. ಆದರೆ ಕಿಟಕಿಗಳಿಗೆ ಸರಳು ಹಾಕಿಸಿದವರು ಯಾರು? ಹೊರಹೋಗುವ ಬಾಗಿಲುಗಳನ್ನು ಮುಚ್ಚಿಟ್ಟವರು ಯಾರು? ಆ ಸರಳು, ಆ ಬಾಗಿಲು ಪ್ರಮಾಣಪತ್ರ ಕೊಟ್ಟವರ ಕಣ್ಣಿಗೆ ಬೀಳಲಿಲ್ಲವೇ?

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಅದೇ ಕಟ್ಟಡದ ಕೆಳಗಿದ್ದ ಬ್ಯಾಂಕಿನವರು ತಮ್ಮ ನೌಕರರನ್ನು ಹೊರಗೆ ಕಳಿಸಿದರು. ಹೊಲಿಗೆಯವರಿಗೆ ಮಾತ್ರ, ಬಾರದಿದ್ದರೆ ಪಗಾರವಿಲ್ಲವೆಂದು ಹೆದರಿಸಿ ಒಳಗೆ ಕರೆದುಕೊಂಡರು. ಒಳಗೆ ಹೋದರೆ ಸಾವಿನ ಭಯ, ಹೋಗದಿದ್ದರೆ ಹಸಿವಿನ ಭಯ. ಇದನ್ನು ಸ್ವಇಚ್ಛೆಯ ದುಡಿಮೆ ಎನ್ನೋಣವೇ?

ಪರದೇಶದ ಮಾತು ನಮಗೇಕೆ ಎನ್ನುವವರು ತಮಿಳುನಾಡಿನ ಕಡೆ ನೋಡಿರಿ. ಕೊಯಮತ್ತೂರು, ತಿರುಪ್ಪೂರು, ದಿಂಡಿಗಲ್ ಕಡೆಯ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಮಂಗಳಕರವಾದ ಹೆಸರಿನಲ್ಲಿ ಒಂದು ಯೋಜನೆ ವರ್ಷಗಟ್ಟಲೆ ನಡೆಯಿತು. ಬಡವರ ಮನೆಯ ಹುಡುಗಿಯರು ಮೂರು ವರ್ಷ ದುಡಿಯಬೇಕು. ಕೊನೆಗೆ ಮದುವೆಯ ಖರ್ಚಿಗೆಂದು ಇಡಿಗಂಟು ಕೊಡುತ್ತಾರೆ. ಆ ಗಂಟಾದರೂ ಯಾರದು? ಅವಳದೇ ಪಗಾರದಿಂದ ಹಿಡಿದಿಟ್ಟದ್ದು! ನಡುವೆ ಕಾಯಿಲೆ ಬಿದ್ದು ಬಿಟ್ಟುಹೋದರೆ ಆ ಗಂಟಿಗೆ ಎಳ್ಳುನೀರು. ವಾಸ ಗಿರಣಿಯ ಹಾಸ್ಟೆಲಿನಲ್ಲಿ, ಹೊರಗೆ ಹೋಗಬೇಕಾದರೆ ಕಾವಲು. ಆ ನೂಲು ಬಟ್ಟೆಯಾಗಿ, ಬಟ್ಟೆ ಉಡುಪಾಗಿ ಯುರೋಪಿನ ದೊಡ್ಡ ಅಂಗಡಿಗಳಿಗೆ ಹೋಯಿತು. ಕಂಪೆನಿಯ ತಪಾಸಣೆಯವರು ಹೆಚ್ಚಾಗಿ ನೋಡುತ್ತಿದ್ದುದು ಕೊನೆಯ ಹೊಲಿಗೆಯ ಶೆಡ್ಡನ್ನು. ಅದರ ಹಿಂದಿನ ರಿಂಗ್ ಖಾತೆಗೆ ಯಾರೂ ಹೆಜ್ಜೆಯಿಡಲಿಲ್ಲ. ರಿಂಗ್ ಖಾತೆಯಿಲ್ಲದೆ ನೂಲಿಲ್ಲ, ನೂಲಿಲ್ಲದೆ ಅಂಗಿಯಿಲ್ಲವೆಂಬುದು ಗಿರಣಿಯಲ್ಲಿ ದುಡಿದ ಯಾವ ಕೈಗೆ ತಿಳಿಯದು?

ಕಂಪೆನಿಗಳ ಪರವಾಗಿ ವಾದಿಸುವವರು ಹೇಳುವುದಿದು: ‘ನಮಗೆ ಮಾಲು ಒದಗಿಸುವವರು ಸಾವಿರಾರು ಜನ. ಅವರ ಕೆಳಗೆ ಕಂತ್ರಾಟುದಾರರು, ಅವರ ಕೆಳಗೆ ಮುಕಾದಮರು. ಎಲ್ಲವನ್ನೂ ನಾವು ಹೇಗೆ ತಿಳಿದೇವು?’ ಹೌದೇ? ಅಂಗಿಯ ಗುಂಡಿ ಸಾಸಿವೆಯಷ್ಟು ಆಚೀಚೆಯಾದರೆ ಇವರಿಗೆ ತಿಳಿಯುತ್ತದೆ. ಮಾಲು ಬಂದರಿಗೆ ಒಂದು ದಿನ ತಡವಾದರೆ ದಂಡ ಹಾಕಲು ತಿಳಿಯುತ್ತದೆ. ಅಂಗಿ ಹೊಲಿದವಳಿಗೆ ಪಗಾರ ಸಿಕ್ಕಿತೋ ಇಲ್ಲವೋ ಎಂಬುದೊಂದು ಮಾತ್ರ ತಿಳಿಯುವುದಿಲ್ಲ! ಇಷ್ಟೇ ಸಾಲದೆಂದು ವರ್ಷವರ್ಷವೂ ದರ ಇಳಿಸಿರಿ, ಗಡುವು ಹತ್ತಿರ ತನ್ನಿರಿ ಎಂದು ಇವರೇ ಹಿಂಡುತ್ತಾರೆ. ಮೇಲೆ ಹಿಂಡಿದ ಹಾಗೆ ಕೆಳಗೆ ರಸ ಸುರಿಯಲೇ ಬೇಕು. ಆ ರಸ ನಮ್ಮ ಬೆವರು.

ನಮ್ಮ ದೇಶದ ಕಾನೂನು ಈ ನೆವವನ್ನು ಎಂದೋ ತಳ್ಳಿಹಾಕಿದೆ. ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕಟ್ಟಡ ಕಟ್ಟಿದ ಕೂಲಿಗಳ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೆಯ ಕಲಮು ನಿಷೇಧಿಸಿದ ಬಲವಂತದ ದುಡಿಮೆ. ಹಸಿವಿನ ಬಲವಂತವೂ ಬಲವಂತವೇ. ಎರಡನೆಯದು, ಕಂತ್ರಾಟುದಾರನ ಕಡೆ ಬೆರಳು ತೋರಿಸಿ ಕೆಲಸ ಮಾಡಿಸಿಕೊಂಡವರು ತಪ್ಪಿಸಿಕೊಳ್ಳುವಂತಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯದ ಏರಿಕೆಯನ್ನು ಅನೇಕ ಮಾಲಕರು ಕೊಡದೆ ನಿಲ್ಲಿಸಿದ್ದನ್ನು ಈ ತೀರ್ಪಿಗೆ ಒರೆಹಚ್ಚಿ ನೋಡಿರಿ. ಅಲ್ಲಿ ಬಾಕಿ ಹೊರಬಂದದ್ದು ಯಾರ ನೀತಿಸಂಹಿತೆಯಿಂದಲೂ ಅಲ್ಲ. ಸಂಘಗಳು ಪಟ್ಟು ಹಿಡಿದು, ಪರದೇಶದ ಖರೀದಿದಾರರ ಮೇಲೆ ಒತ್ತಡ ಬಿದ್ದ ಮೇಲೆ.

ಹಾಗಾದರೆ ಜೀತವನ್ನು ತಡೆಯುವ ಉಪಾಯವೇ ಇಲ್ಲವೇ? ಇದೆ, ಬಂಧುಗಳೇ. ಹೊಟೇಲಿನವರಾದ ನಾವು ದಿನವೂ ಹೆಚ್ಚುವ ಟೊಮೇಟೊದಿಂದಲೇ ಅದನ್ನು ಕಲಿಯಬಹುದು. ಅಮೆರಿಕೆಯ ಫ್ಲಾರಿಡಾದಲ್ಲಿ ಇಮೊಕಲೀ ಎಂಬ ಊರಿದೆ. ಅಲ್ಲಿ ಟೊಮೇಟೊ ಕೀಳುವ ಕೂಲಿಗಳನ್ನು ರಾತ್ರಿ ಲಾರಿಯ ಪೆಟ್ಟಿಗೆಯೊಳಗೆ ಬೀಗ ಹಾಕಿ ಕೂಡಿಟ್ಟವರಿಗೆ 2008ರಲ್ಲಿ ಶಿಕ್ಷೆಯಾಯಿತು. ಆ ಕೂಲಿಗಳ ಸಂಘ ಹೊಲದ ಮಾಲಕನನ್ನಷ್ಟೇ ಹಿಡಿದು ಕೂರಲಿಲ್ಲ. ಟೊಮೇಟೊ ಕೊಳ್ಳುವ ದೊಡ್ಡ ದೊಡ್ಡ ತಿಂಡಿಯಂಗಡಿ ಕಂಪೆನಿಗಳ ಬಾಗಿಲಿಗೆ ಹೋಯಿತು. ಮೊದಲನೆಯ ಕಂಪೆನಿಯ ವಿರುದ್ಧ 2001ರಿಂದ 2005ರವರೆಗೆ ಬಹಿಷ್ಕಾರ ನಡೆಸಿತು. ಗೆದ್ದಿತು. ಕೂಲಿಗಳಿಗಾಗಿ ಪೌಂಡು ತೂಕಕ್ಕೆ ಒಂದು ಸೆಂಟ್ ಹೆಚ್ಚು ಕೊಡಬೇಕು. ಯಾವ ಹೊಲದಲ್ಲಿ ಜೀತ ಕಂಡುಬಂದೀತೋ ಆ ಹೊಲದ ಟೊಮೇಟೊ ಕೊಳ್ಳಬಾರದು. ದೂರು ಕೊಡುವವರು ಸ್ವತಃ ಕೂಲಿಗಳು. ಕರಾರು ಇಷ್ಟೇ. 2011ರಿಂದ ಫ್ಲಾರಿಡಾದ ಬಹುಪಾಲು ಟೊಮೇಟೊ ಹೊಲಗಳು ಈ ಕರಾರಿಗೆ ಒಳಪಟ್ಟವು.

ರಾಣಾ ಪ್ಲಾಜಾ ಕುಸಿದ ಮೇಲೆ 2013ರಲ್ಲಿ ಕಾರ್ಮಿಕ ಸಂಘಗಳಿಗೂ ಖರೀದಿ ಕಂಪೆನಿಗಳಿಗೂ ಕಾನೂನಿನ ಕಟ್ಟುಳ್ಳ ಒಪ್ಪಂದವಾಯಿತು. 200ಕ್ಕೂ ಹೆಚ್ಚು ಕಂಪೆನಿಗಳು ಸಹಿ ಹಾಕಿದವು. ದಿಂಡಿಗಲ್ಲಿನಲ್ಲಿ ಉಡುಪಿನ ಕಾರ್ಖಾನೆಯ ಕೆಲಸಗಾರ್ತಿಯೊಬ್ಬಳ ಕೊಲೆಯಾದ ಮೇಲೆ, ದಲಿತ ಹೆಂಗಸರೇ ಮುಂದಾಳುಗಳಾಗಿರುವ ಸಂಘವು ಹೋರಾಡಿ 2022ರಲ್ಲಿ ಮಾಲಕನಿಂದಲೂ ಖರೀದಿ ಕಂಪೆನಿಯಿಂದಲೂ ಸಹಿ ಹಾಕಿಸಿಕೊಂಡಿತು. ಆ ಒಪ್ಪಂದದಂತೆ ಹೆಂಗಸರ ಮೇಲಿನ ಕಿರುಕುಳಕ್ಕೆ ಅಲ್ಲಿ ಕಣ್ಗಾವಲಾಗಿ ನಿಂತವರು ಅದೇ ಖಾತೆಯ ಕೆಲಸಗಾರ್ತಿಯರು. ಈ ಮೂರರಲ್ಲಿಯೂ ಒಂದೇ ಗುಟ್ಟು: ಕಾಗದ ಇಲ್ಲಿಯೂ ಇದೆ, ಆದರೆ ಅದರ ಮೇಲೆ ಕಾರ್ಮಿಕರ ಸಹಿಯೂ ಇದೆ, ತಪ್ಪಿದರೆ ಮಾಲಕನ ವ್ಯಾಪಾರಕ್ಕೇ ಪೆಟ್ಟು.

ಈಗ ನಮ್ಮ ಮಾತು. ದೀಪದ ಬುಡದಲ್ಲಿಯೇ ಕತ್ತಲು. ಈ ಮುಂಬಯಿಯ ಹೊಟೇಲುಗಳಿಗೆ ಊರಿನಿಂದ ಹುಡುಗರನ್ನು ಕರೆತರುವಾಗ ಮನೆಯವರ ಕೈಗೆ ಮುಂಗಡ ಕೊಡುವ ಪದ್ಧತಿ ಸತ್ತಿದೆಯೇ? ದೊಡ್ಡ ಹೊಟೇಲಿನ ಪಾತ್ರೆ ತೊಳೆಯುವವರು, ಬಟ್ಟೆ ಒಗೆಯುವವರು ಹೊಟೇಲಿನ ನೌಕರರೇ, ಕಂತ್ರಾಟುದಾರನ ಆಳುಗಳೇ? ‘ನಮ್ಮ ಊರಿನವನು, ನಮ್ಮ ಜಾತಿಯವನು’ ಎಂಬ ಸಲಿಗೆಯಲ್ಲಿ ಆರು ತಿಂಗಳ ಪಗಾರ ಹಿಡಿದಿಟ್ಟರೆ ಅದು ಪ್ರೀತಿಯಾಗುವುದಿಲ್ಲ. 1976ರ ಜೀತಪದ್ಧತಿ ರದ್ದು ಕಾಯಿದೆಯ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ಅದನ್ನು ತೀರಿಸಬೇಕಾಗಿಲ್ಲ. ಜೀತದ ಸಾಲವಲ್ಲವೆಂದು ರುಜುಪಡಿಸುವ ಹೊರೆ ಸಾಲ ಕೊಟ್ಟವನದು. ಜೀತ ಮಾಡಿಸಿದವನಿಗೆ 3 ವರ್ಷದವರೆಗೆ ಸಜೆ. ದೂರನ್ನು ಜಿಲ್ಲಾಧಿಕಾರಿಗೆ ಕೊಡಬಹುದು. 14 ವರ್ಷದೊಳಗಿನ ಮಕ್ಕಳನ್ನು ಹೊಟೇಲು, ಚಹದಂಗಡಿಗಳಲ್ಲಿ ದುಡಿಸುವುದಂತೂ 2006ರ ಅಕ್ಟೋಬರ್ 10ರಿಂದಲೇ ಅಪರಾಧ.

ಆದುದರಿಂದ ನಾವು ಕೇಳಬೇಕಾದುದು ನಾಲ್ಕೇ. ಮುಂಗಡದ ಲೆಕ್ಕ ಹೇಳಿ ಯಾರನ್ನೂ ತಡೆದು ನಿಲ್ಲಿಸಬಾರದು. ಪಗಾರ ತಿಂಗಳು ತಿಂಗಳು ದುಡಿದವನ ಕೈಗೆ ಸೇರಬೇಕು. ಅವನ ಗುರುತಿನ ಚೀಟಿ ಅವನ ಕಿಸೆಯಲ್ಲಿಯೇ ಇರಬೇಕು. ಕಂತ್ರಾಟುದಾರ ಕೊಡದ ಪಗಾರವನ್ನು ಮುಖ್ಯ ಮಾಲಕ ಕೊಡಬೇಕು. ಇದನ್ನು ಒಪ್ಪಂದದಲ್ಲಿ ಬರೆದು ಸಂಘದೊಡನೆ ಸಹಿ ಹಾಕಲು ಒಪ್ಪದ ಕಂಪೆನಿ, ಜೀತವನ್ನು ತಡೆಯುತ್ತೇವೆಂದು ಎಷ್ಟು ನುಣುಪಾದ ಕಾಗದದಲ್ಲಿ ಅಚ್ಚು ಹಾಕಿಸಿದರೂ ನಂಬಬೇಡಿರಿ.

ನಿಮ್ಮ ಅಡಿಗೆಮನೆಯಲ್ಲಿ, ನಿಮ್ಮ ಖಾತೆಯಲ್ಲಿ ಪಗಾರ ಕಾಣದ ಹುಡುಗನಿದ್ದರೆ ಅವನನ್ನು ಇಂದು ಸಂಜೆಯೇ ಸಂಘದ ಕಚೇರಿಗೆ ಕರೆತನ್ನಿರಿ. ತಪಾಸಣೆಯವರು ಬರುವವರೆಗೆ ಅವನು ಕಾಯಲಾರ.