ವೆಬ್‌ಸೈಟ್ ಯಾರ ಪ್ರಶ್ನೆಗೆ ಉತ್ತರ?

ಪೀಣ್ಯ ಎರಡನೇ ಹಂತದಲ್ಲಿ ನನ್ನ ಮಾಮಾ ಒಂದು ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತಾರೆ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಮೂವರು ಕೆಲಸಗಾರರು. ಮೂರು ವರ್ಷದ ಹಿಂದೆ ಒಬ್ಬರು ಬಂದು, “ಈಗಿನ ಕಾಲದಲ್ಲಿ ವೆಬ್‌ಸೈಟ್ ಇಲ್ಲದಿದ್ದರೆ ಆರ್ಡರ್ ಸಿಗಲ್ಲ” ಎಂದು ಹೇಳಿ, 15,000 ರೂಪಾಯಿ ತೆಗೆದುಕೊಂಡು ವೆಬ್‌ಸೈಟ್ ಮಾಡಿಕೊಟ್ಟರು. ಮೊದಲ ದಿನ ಮನೆಯವರೆಲ್ಲ ಮೊಬೈಲ್ ಸುತ್ತ ಕೂತು ನೋಡಿದೆವು. ವಿದೇಶದ ಯಾವುದೋ ಕಾರ್ಖಾನೆಯ ರೋಬೋಟ್‌ಗಳು ಪರದೆಯ ಮೇಲೆ ಒಂದರ ಹಿಂದೆ ಒಂದು ಜಾರಿ ಹೋಗುತ್ತಿದ್ದವು. ಮಾಮಾಗೆ ಖುಷಿ. ನನಗೂ ಖುಷಿ.

ಒಂದು ವರ್ಷ ಕಳೆದರೂ ಅದರಿಂದ ಒಂದು ಆರ್ಡರ್ ಬರಲಿಲ್ಲ. ನವೀಕರಣದ ದಿನ ಬಂದಾಗ ಇನ್ನೊಂದು ವಿಷಯ ಗೊತ್ತಾಯಿತು. ವೆಬ್‌ಸೈಟಿನ ಹೆಸರು, ಅಂದರೆ ಡೊಮೈನ್, ಮಾಮಾ ಹೆಸರಿನಲ್ಲಿ ಇರಲೇ ಇಲ್ಲ. ಮಾಡಿಕೊಟ್ಟವರ ಹೆಸರಿನಲ್ಲಿತ್ತು. ಅವರ ಫೋನ್ ಸ್ವಿಚ್ ಆಫ್. ಆ ವಿಳಾಸ ಅಚ್ಚಾದ ವಿಸಿಟಿಂಗ್ ಕಾರ್ಡ್‌ಗಳು ಇನ್ನೂ ಡ್ರಾಯರ್‌ನಲ್ಲಿವೆ, ವೆಬ್‌ಸೈಟ್ ಮಾತ್ರ ಇಲ್ಲ.

ಯಾರನ್ನೋ ದೂರಲು ಇದನ್ನು ಬರೆಯುತ್ತಿಲ್ಲ. ನಮ್ಮ ಕಂಪ್ಯೂಟರ್ ಸೈನ್ಸ್ ಬ್ಯಾಚಿನಲ್ಲಿ ಹಲವರು ಈಗಾಗಲೇ ಯೂಟ್ಯೂಬ್ ನೋಡಿ ವೆಬ್‌ಸೈಟ್ ಮಾಡುತ್ತಿದ್ದಾರೆ. ನಾಳೆ ಇನ್ನೊಬ್ಬರ ಮಾಮಾ ಬಳಿ ದುಡ್ಡು ತೆಗೆದುಕೊಳ್ಳುವವರು ನಾವೇ. ಹಾಗಾಗಿ ಈ ಮಾತು ಮೊದಲು ನಮಗೆ.

ನಾವಿರುವ ಜಾಗವನ್ನೇ ನೋಡಿ. ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಆರಂಭಿಸಿತು. ಅದರ ಹಿಂದಿದ್ದವರು ಆರ್. ಕೆ. ಬಾಳಿಗ. ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಬಂತು. ಪೀಣ್ಯ ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಪ್ರಪಂಚಕ್ಕೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ಊರು ನಮ್ಮದು. ಆದರೆ ಅದೇ ಕಟ್ಟಡಗಳ ನೆರಳಿನಲ್ಲಿರುವ ಟೈಲರ್‌ಗೆ, ಮೆಸ್ ನಡೆಸುವವರಿಗೆ, ಲೇತ್ ಅಂಗಡಿಗೆ ಕೆಲಸಕ್ಕೆ ಬರುವ ಒಂದು ಪುಟ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಕಳೆದ ತಿಂಗಳು ಒಂದು ಶನಿವಾರ ಪೂರ್ತಿ ವರ್ಕ್‌ಶಾಪ್‌ನಲ್ಲಿ ಕೂತು, ಮಾಮಾಗೆ ಬರುವ ಫೋನ್‌ಗಳಲ್ಲಿ ಏನು ಕೇಳುತ್ತಾರೆ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಎಷ್ಟು ಎಂ.ಎಂ. ವ್ಯಾಸದವರೆಗೆ ತಿರುಗಿಸುತ್ತೀರಿ? ಇಎನ್-8 ಕಬ್ಬಿಣ ಮಾತ್ರವೋ, ಸ್ಟೇನ್‌ಲೆಸ್ ಸ್ಟೀಲ್, ಹಿತ್ತಾಳೆಯೂ ಮಾಡುತ್ತೀರೋ? ಒಂದೇ ಪೀಸ್ ಇದ್ದರೂ ಮಾಡಿಕೊಡುತ್ತೀರಾ? ಎಷ್ಟು ದಿನ ಬೇಕು? ಜಿಎಸ್‌ಟಿ ಬಿಲ್ ಕೊಡುತ್ತೀರಾ? ಮೆಟ್ರೋ ಸ್ಟೇಷನ್‌ನಿಂದ ಹೇಗೆ ಬರಬೇಕು? ಸಂಜೆಯ ಹೊತ್ತಿಗೆ ನನಗೆ ಅರ್ಥವಾಯಿತು. ಹಳೆಯ ವೆಬ್‌ಸೈಟ್ ಈ ಆರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಹೇಳಿರಲಿಲ್ಲ. “ವಿಶ್ವದರ್ಜೆಯ ಪರಿಹಾರಗಳು” ಎಂದು ಮಾತ್ರ ಹೇಳಿತ್ತು. ಮಾಮಾ ಬಳಿ ಅಂಥದ್ದನ್ನು ಈವರೆಗೆ ಯಾರೂ ಕೇಳಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಸಣ್ಣ ವ್ಯಾಪಾರದ ವೆಬ್‌ಸೈಟ್ ಅಲಂಕಾರವಲ್ಲ, ಗಿರಾಕಿಯ ಪ್ರಶ್ನೆಗೆ ಉತ್ತರ. ಪ್ರಶ್ನೆ ಗೊತ್ತಿಲ್ಲದೆ ಡಿಸೈನ್ ಶುರು ಮಾಡಬಾರದು.

ಪ್ರಶ್ನೆಗಳು ಏರಿಯಾದಿಂದ ಏರಿಯಾಗೆ ಬೇರೆ. ಪೀಣ್ಯದ ಗಿರಾಕಿ ಇನ್ನೊಂದು ಕಾರ್ಖಾನೆಯ ಖರೀದಿ ವಿಭಾಗದವರು. ಅವರಿಗೆ ಮೆಷಿನ್‌ಗಳ ಪಟ್ಟಿ, ಮಾಡಿದ ಕೆಲಸದ ನಿಜವಾದ ಫೋಟೋ, 29ರಿಂದ ಶುರುವಾಗುವ ನಮ್ಮ ರಾಜ್ಯದ ಜಿಎಸ್‌ಟಿ ನಂಬರ್, ಉದ್ಯಮ್ ನೋಂದಣಿ ಕಂಡರೆ ನಂಬಿಕೆ ಬರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಮೆಸ್‌ಗೆ ಬರುವವರಿಗೆ ಬೇಕಾಗಿರುವುದು ಇವತ್ತಿನ ಊಟ, ಅದರ ಬೆಲೆ, ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎನ್ನುವುದು. ವೈಟ್‌ಫೀಲ್ಡ್‌ನ ಟೈಲರ್ ಬಳಿ ಬರುವವರು ಹೊಲಿಗೆ ದರ ಮತ್ತು ಎಷ್ಟು ದಿನ ಎಂದು ಕೇಳುತ್ತಾರೆ. ಶುಕ್ರವಾರ ಜುಮಾ ವೇಳೆಯಲ್ಲಿ, ರಂಜಾನ್ ತಿಂಗಳಲ್ಲಿ ಅಂಗಡಿಯ ಸಮಯ ಬದಲಾಗುವುದಿದ್ದರೆ ಅದನ್ನೂ ಬರೆಯಬೇಕು. ದೂರದಿಂದ ಬಂದ ಗಿರಾಕಿ ಮುಚ್ಚಿದ ಶಟರ್ ನೋಡಿ ವಾಪಸ್ ಹೋದರೆ ಮತ್ತೆ ಬರುವುದಿಲ್ಲ.

ಎರಡನೆಯದು ಭಾರ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ 4 ಎಂಬಿ ಇದ್ದರೆ, ಅಂಥ ಹತ್ತು ಫೋಟೋ ಹಾಕಿದಾಗ ಪುಟ 40 ಎಂಬಿ ಆಗುತ್ತದೆ. ಅದನ್ನೇ ಚಿಕ್ಕದು ಮಾಡಿ ತಲಾ 150 ಕೆಬಿಗೆ ಇಳಿಸಿದರೆ ಒಟ್ಟು 1.5 ಎಂಬಿ. ಸಿಗ್ನಲ್ ಸರಿಯಿಲ್ಲದ ಶೆಡ್ ಒಳಗೆ ನಿಂತು ಹುಡುಕುವವರಿಗೆ ಈ ವ್ಯತ್ಯಾಸವೇ ಮುಖ್ಯ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್ ಸಂಸ್ಥೆಯಲ್ಲಿ ಜಗತ್ತಿನ ಮುಂದಿಟ್ಟ ಮೊದಲ ವೆಬ್‌ಸೈಟಿನಲ್ಲಿ ಇದ್ದದ್ದು ಬರೀ ಅಕ್ಷರ ಮತ್ತು ಲಿಂಕ್. ಫೋಟೋ ಬೇಡ ಎಂದು ನಾನು ಹೇಳುತ್ತಿಲ್ಲ. ಫೋಟೋ ಬರುವ ಮೊದಲು ಮಾತು ಬರಲಿ. ಫೋನ್ ನಂಬರ್ ಪುಟದ ಮೇಲ್ಭಾಗದಲ್ಲೇ ಇರಲಿ, ಒತ್ತಿದರೆ ಕರೆ ಹೋಗಲಿ. ಎಷ್ಟೋ ಕಡೆ ನಂಬರನ್ನು ಚಿತ್ರದೊಳಗೆ ಬರೆದಿರುತ್ತಾರೆ, ಅದನ್ನು ಒತ್ತಿದರೆ ಏನೂ ಆಗುವುದಿಲ್ಲ.

ಮೂರನೆಯದು ಭಾಷೆ. ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ಆಯಿತು. ಬೋರ್ಡ್‌ಗಳು ಬದಲಾದವು. ಆದರೆ ಅದೇ ಅಂಗಡಿಗಳ ವೆಬ್‌ಸೈಟ್‌ನಲ್ಲಿ ಒಂದಕ್ಷರ ಕನ್ನಡ ಸಿಗುವುದು ಅಪರೂಪ. ಕಂಪನಿಗಳಿಗೆ ಇಂಗ್ಲಿಷ್ ಬೇಕು, ಒಪ್ಪುತ್ತೇನೆ. ಆದರೆ ತುಮಕೂರಿನಿಂದ ಪಂಪ್ ಶಾಫ್ಟ್ ಹಿಡಿದುಕೊಂಡು ಬರುವ ರೈತನಿಗೆ ಕನ್ನಡ ಬೇಕು. ಎರಡೂ ಇರಲಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಹಳೆಯ ಫಾಂಟ್‌ನಲ್ಲಿ ಬರೆದದ್ದನ್ನು, ಪೋಸ್ಟರ್ ಚಿತ್ರದೊಳಗಿನ ಅಕ್ಷರವನ್ನು ನಂಬಿ ಕೂತರೆ ಹುಡುಕಿದವರಿಗೆ ಅಂಗಡಿ ಸಿಗುವ ಭರವಸೆ ಇಲ್ಲ. ಭಾಷೆಯೂ ಗಿರಾಕಿ ಆಡುವ ಭಾಷೆಯಾಗಿರಲಿ. “ಲೇತ್ ಕೆಲಸ” ಎಂದು ಹುಡುಕುವವರಿಗೆ “ನಿಖರ ಯಂತ್ರಕಾರ್ಯ” ಎಂದು ಬರೆದರೆ ಯಾರಿಗೆ ಲಾಭ?

ಕೆಲವು ಗೆಳೆಯರು ಕೇಳುತ್ತಾರೆ: “ಗೂಗಲ್ ಮ್ಯಾಪ್ ಇದೆ, ವಾಟ್ಸ್‌ಆ್ಯಪ್ ಇದೆ, ಇನ್‌ಸ್ಟಾಗ್ರಾಂ ಇದೆ. ವೆಬ್‌ಸೈಟ್ ಯಾಕೆ?” ಇದು ನ್ಯಾಯವಾದ ಪ್ರಶ್ನೆ. ಪಂಕ್ಚರ್ ಅಂಗಡಿಗೆ ಮ್ಯಾಪ್‌ನಲ್ಲಿ ಸರಿಯಾದ ಜಾಗ ಮತ್ತು ಫೋನ್ ನಂಬರ್ ಇದ್ದರೆ ಸಾಕು. ಅವರಿಗೆ ವೆಬ್‌ಸೈಟ್ ಮಾರಬಾರದು, ಅದು ಮೋಸವಾಗುತ್ತದೆ. ಆದರೆ ಹತ್ತು ವಿವರ ಹೇಳಬೇಕಾದ ವ್ಯಾಪಾರಕ್ಕೆ ಒಂದು ಪುಟ ಬೇಕು. ಉಳಿದವೆಲ್ಲ ಬಾಡಿಗೆ ಮನೆ, ಅಕೌಂಟ್ ಲಾಕ್ ಆದರೆ ಗಿರಾಕಿಗಳೂ ಹೋದರು. ವೆಬ್‌ಸೈಟ್ ಸ್ವಂತ ಮನೆ. ಸ್ವಂತ ಮನೆ ಎಂದ ಮೇಲೆ ಪತ್ರ ಮಾಲೀಕರ ಹೆಸರಿನಲ್ಲೇ ಇರಬೇಕಲ್ಲವೇ? ಡೊಮೈನ್ ಅವರ ಹೆಸರಿನಲ್ಲಿ, ಅವರ ಇಮೇಲ್‌ನಲ್ಲಿ, ಪಾಸ್‌ವರ್ಡ್ ಅವರ ಕೈಯಲ್ಲಿ ಇರಬೇಕು. ಇದು ತಾಂತ್ರಿಕ ವಿಷಯವಲ್ಲ, ಅಮಾನತ್ತಿನ ವಿಷಯ. ಇನ್ನೊಬ್ಬರು ನಂಬಿ ಕೊಟ್ಟದ್ದನ್ನು ಅವರಿಗೇ ಒಪ್ಪಿಸಬೇಕು.

ಒಂದು ಸಲಹೆ ಇಟ್ಟು ಮುಗಿಸುತ್ತೇನೆ. ನಮ್ಮ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದವರು ವಸ್ತು, ಬೆಲೆ, ಸ್ಥಳ, ಪ್ರಚಾರ ಎಂದು ಮಾರುಕಟ್ಟೆಯ ಪಾಠ ಓದುತ್ತಾರೆ. ಕಂಪ್ಯೂಟರ್ ಓದುವವರು ಪಕ್ಕದ ಕ್ಲಾಸ್‌ನಲ್ಲಿದ್ದಾರೆ. ಇಬ್ಬರಿಬ್ಬರು ಜೋಡಿಯಾಗಿ, ಈ ರಜೆಯಲ್ಲಿ ಒಂದೊಂದು ಅಂಗಡಿ ತೆಗೆದುಕೊಳ್ಳೋಣ. ಮೊದಲ ದಿನ ಲ್ಯಾಪ್‌ಟಾಪ್ ಬೇಡ, ನೋಟ್‌ಬುಕ್ ಸಾಕು. ಕೆಲಸ ಮುಗಿದ ಮೇಲೆ ಆ ಅಂಗಡಿ ಗೊತ್ತಿಲ್ಲದ ಯಾರಿಗಾದರೂ ಫೋನ್ ಕೊಟ್ಟು, ಇಲ್ಲಿ ಏನು ಸಿಗುತ್ತದೆ, ಎಷ್ಟಾಗುತ್ತದೆ, ಹೇಗೆ ತಲುಪಬೇಕು ಎಂದು ಕೇಳೋಣ. ಥಟ್ಟನೆ ಹೇಳಲು ಆಗದಿದ್ದರೆ ತಪ್ಪು ಅವರದಲ್ಲ, ನಮ್ಮದು.

ಮಾಮಾಗೆ ಹೊಸ ಪುಟ ಮಾಡುತ್ತಿದ್ದೇನೆ. ರೋಬೋಟ್ ಇಲ್ಲ. ಅವರದೇ ಎರಡು ಲೇತ್‌ಗಳ ಫೋಟೋ ಇದೆ, ಆರು ಪ್ರಶ್ನೆಗಳಿಗೆ ಉತ್ತರ ಇದೆ. ಡೊಮೈನ್ ಅವರ ಹೆಸರಿನಲ್ಲಿದೆ. ನವೀಕರಣದ ತಾರೀಕನ್ನು ಅವರು ವರ್ಕ್‌ಶಾಪ್ ಗೋಡೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ತಾವೇ ಬರೆದುಕೊಂಡಿದ್ದಾರೆ.